ಸೂಜಿಯ ತುದಿ ಬದಲಾದ ಕಥೆ: ಬೆನ್ನಿಗೆ ಕೊಡುವ ಇಂಜೆಕ್ಷನ್ನಿನ 125 ವರ್ಷ

ಈ ವಾರದ ಮಾತಿನ ಬರಹ ರೂಪ ಇದು. ವಿಡಿಯೋದಲ್ಲಿ ಚಿತ್ರ ತೋರಿಸಿ ಹೇಳಿದ್ದನ್ನ ಇಲ್ಲಿ ಬಿಡಿಸಿ ಬರೆದಿದ್ದೇನೆ. ಓದಿ, ಮನೆಯಲ್ಲಿ ಯಾರಿಗಾದರೂ ಉಪಯೋಗ ಆಗುತ್ತೆ ಅನ್ನಿಸಿದರೆ ಕಳಿಸಿ.

"ಬೆನ್ನಿಗೆ ಸೂಜಿ ಹಾಕಿಸ್ಕೊಂಡ್ರೆ ಜೀವಮಾನ ಪೂರ್ತಿ ಸೊಂಟ ನೋವು." ಈ ಮಾತು ಕೇಳದ ಕನ್ನಡದ ಮನೆ ಬಹುಶಃ ಇಲ್ಲ. ನಾವು ಮುಂಬೈಯಲ್ಲಿರಲಿ, ಪುಣೆಯಲ್ಲಿರಲಿ, ಹೈದರಾಬಾದಿನಲ್ಲಿರಲಿ, ಬಾಣಂತನಕ್ಕೆ ಅಂತ ಊರಿಂದ ಬರುವ ಅಮ್ಮನ ಜೊತೆಗೆ ಈ ಮಾತೂ ರೈಲು ಹತ್ತಿ ಬರುತ್ತೆ. ಸಿಸೇರಿಯನ್ ಅಂದ ಕೂಡಲೇ ಮೊದಲು ಕೇಳೋದೇ "ಬೆನ್ನಿಗೆ ಸೂಜಿ ಕೊಡ್ತಾರಾ?" ಅಂತ.

ಈ ಭಯ ಪೂರ್ತಿ ಸುಳ್ಳೇ? ನಾನು ಡಾಕ್ಟರ್ ಅಲ್ಲ, ಇತಿಹಾಸ ಓದುವವನು. ಹಾಗಾಗಿ ಇತಿಹಾಸದ ಕಡೆಯಿಂದಲೇ ಉತ್ತರ ಹುಡುಕಿದೆ. ಸಿಕ್ಕಿದ್ದು ಇಷ್ಟು: ವರ್ಷಗಟ್ಟಲೆ ಕಾಡುವ ಸೊಂಟ ನೋವಿಗೂ ಈ ಸೂಜಿಗೂ ಸಂಬಂಧ ಇದೆ ಅಂತ ಸರಿಯಾದ ಹೋಲಿಕೆಯ ಅಧ್ಯಯನಗಳಲ್ಲಿ ಕಂಡುಬಂದಿಲ್ಲ. ಹೆರಿಗೆಯಾದ ಮೇಲೆ ಬೆನ್ನು ನೋವು ಬರೋದು ಸಾಮಾನ್ಯ, ಸೂಜಿ ಹಾಕಿಸಿಕೊಳ್ಳದವರಿಗೂ ಬರುತ್ತೆ. ಆದರೆ ಬೆನ್ನಿನ ಸೂಜಿಯಿಂದ ನಿಜವಾಗಿಯೂ ಆಗುವ ಬೇರೆ ತೊಂದರೆಗಳು ಇದ್ದವು, ಕೆಲವು ಈಗಲೂ ಇವೆ. ಅವುಗಳಲ್ಲಿ ಒಂದೊಂದನ್ನೂ ಕಡಿಮೆ ಮಾಡಿದ್ದು ಹೊಸ ಔಷಧಿ ಮಾತ್ರ ಅಲ್ಲ. ಸೂಜಿಯ ತುದಿ, ಅದರ ತೂತು, ಅದು ಸಿರಿಂಜಿಗೆ ಕೂರುವ ಜಾಗ, ಇಂಥ ಸಣ್ಣ ಸಣ್ಣ ಬದಲಾವಣೆಗಳು. ಆ ಕಥೆ ಇವತ್ತು.

ಮೊದಲು ಟೊಳ್ಳು ಸೂಜಿ, ಆಮೇಲೆ ಔಷಧಿ

ಚರ್ಮದ ಕೆಳಗೆ ಔಷಧಿ ಬಿಡುವ ಟೊಳ್ಳು ಸೂಜಿ ಹುಟ್ಟಿದ್ದೇ ನೋವಿರುವ ಜಾಗಕ್ಕೇ ಮದ್ದು ಮುಟ್ಟಿಸಬೇಕು ಅನ್ನುವ ಆಸೆಯಿಂದ. 1844ರಲ್ಲಿ ಡಬ್ಲಿನ್ ನಗರದ ಮೀಥ್ ಆಸ್ಪತ್ರೆಯಲ್ಲಿ ಫ್ರಾನ್ಸಿಸ್ ರಿಂಡ್ ಅನ್ನುವ ವೈದ್ಯ, ಮುಖದ ನರದ ನೋವಿನಿಂದ ನರಳುತ್ತಿದ್ದ 59 ವರ್ಷದ ಹೆಂಗಸಿಗೆ ಚರ್ಮ ಚುಚ್ಚಿ, ಟೊಳ್ಳು ಕೊಳವೆಯ ಮೂಲಕ ಮಾರ್ಫಿನ್ ದ್ರಾವಣ ಇಳಿಸಿದ. ಸಿರಿಂಜ್ ಇರಲಿಲ್ಲ, ದ್ರಾವಣ ತಾನಾಗೇ ಕೆಳಗೆ ಇಳಿಯಬೇಕಿತ್ತು. 1853ರಲ್ಲಿ ಎಡಿನ್‌ಬರೋದ ಅಲೆಕ್ಸಾಂಡರ್ ವುಡ್ ಸೂಜಿಗೆ ಸಿರಿಂಜ್ ಸೇರಿಸಿ ಅದೇ ಕೆಲಸ ಮಾಡಿದ. ಅದೇ ವರ್ಷ ಫ್ರಾನ್ಸಿನ ಲಿಯಾನ್‌ನಲ್ಲಿ ಶಾರ್ಲ್ ಪ್ರಾವಾಜ್ ಬೆಳ್ಳಿಯ ಸಿರಿಂಜ್ ಮಾಡಿಸಿದ್ದ. ವುಡ್ ಅಂದುಕೊಂಡಿದ್ದು, ಚುಚ್ಚಿದ ಜಾಗದಲ್ಲೇ ಮಾರ್ಫಿನ್ ನೋವು ಕೊಲ್ಲುತ್ತೆ ಅಂತ. ಹಾಗಲ್ಲ, ಅದು ರಕ್ತಕ್ಕೆ ಸೇರಿ ಇಡೀ ಮೈಯಲ್ಲಿ ಕೆಲಸ ಮಾಡುತ್ತೆ ಅಂತ ಆಮೇಲೆ ಲಂಡನ್ನಿನ ಚಾರ್ಲ್ಸ್ ಹಂಟರ್ ತೋರಿಸಿಕೊಟ್ಟ.

ಅಂದ್ರೆ ಸೂಜಿ ರೆಡಿ ಇತ್ತು, ಆ ಜಾಗವನ್ನು ಮಾತ್ರ ಜೋಮು ಹಿಡಿಸುವ ಔಷಧಿ ಇರಲಿಲ್ಲ. ಅದಕ್ಕೆ ಇನ್ನೂ 30 ವರ್ಷ ಕಾಯಬೇಕಾಯಿತು. 1884ರಲ್ಲಿ ವಿಯೆನ್ನಾದ ಯುವ ವೈದ್ಯ ಕಾರ್ಲ್ ಕೋಲರ್, ಕೊಕೇನ್ ಹನಿ ಹಾಕಿದರೆ ಕಣ್ಣು ಮರಗಟ್ಟುತ್ತೆ ಅಂತ ಕಂಡುಕೊಂಡ. ಹೈಡೆಲ್‌ಬರ್ಗಿನ ಸಮ್ಮೇಳನಕ್ಕೆ ಹೋಗಲು ಅವನ ಹತ್ತಿರ ದುಡ್ಡಿರಲಿಲ್ಲ, ಅವನ ಪ್ರಬಂಧವನ್ನು ಸ್ನೇಹಿತನೊಬ್ಬ ಓದಿದ. ಸುದ್ದಿ ಮುಟ್ಟಿದ ಕೆಲವೇ ತಿಂಗಳಲ್ಲಿ ನ್ಯೂಯಾರ್ಕಿನಲ್ಲಿ ವಿಲಿಯಂ ಹಾಲ್‌ಸ್ಟೆಡ್ ಮತ್ತು ರಿಚರ್ಡ್ ಹಾಲ್ ಕೊಕೇನನ್ನು ಸೂಜಿಯಲ್ಲಿ ತುಂಬಿ ನೇರವಾಗಿ ನರದ ಪಕ್ಕಕ್ಕೆ ಬಿಡಲು ಶುರು ಮಾಡಿದರು. ಇವತ್ತು ಹಲ್ಲಿನ ಡಾಕ್ಟರು ಕೆಳದವಡೆಗೆ ಕೊಡುವ ಇಂಜೆಕ್ಷನ್ನಿನ ಮೂಲ ಅದೇ. ತಮ್ಮ ಮೈಮೇಲೇ ಪ್ರಯೋಗ ಮಾಡಿಕೊಂಡ ಹಾಲ್‌ಸ್ಟೆಡ್‌ಗೆ ಕೊಕೇನ್ ಚಟ ಹಿಡಿಯಿತು. ಆ ಕಾಲದ ಸಂಶೋಧನೆಯ ಬೆಲೆ ಅದು.

ಕೀಲ್ ನಗರದ ಆ ಸಂಜೆ

ಈಗ ಜರ್ಮನಿಯ ಕೀಲ್ ನಗರಕ್ಕೆ ಬರೋಣ. ಅಲ್ಲಿ 1891ರಲ್ಲಿ ಹೈನ್ರಿಕ್ ಕ್ವಿಂಕೆ ಸೊಂಟದ ಮೂಳೆಗಳ ನಡುವೆ ಸೂಜಿ ಇಳಿಸಿ, ಮಿದುಳು ಮತ್ತು ಬೆನ್ನುಹುರಿಯ ಸುತ್ತ ಇರುವ ನೀರನ್ನು ಹೊರಗೆ ತೆಗೆಯುವ ವಿಧಾನ ಪ್ರಕಟಿಸಿದ್ದ. ತಲೆಯೊಳಗಿನ ಒತ್ತಡ ಇಳಿಸುವುದು ಅವನ ಉದ್ದೇಶ. ಅವನ ಸೂಜಿಯ ತುದಿ ನುಗ್ಗೆಕಾಯಿಯನ್ನು ಓರೆಯಾಗಿ ಹೆಚ್ಚಿದ ಹಾಗೆ, ಚೂಪು, ಅಂಚೆಲ್ಲ ಹರಿತ. ಈ ಬಗೆಯ ತುದಿಗೆ ಇವತ್ತಿಗೂ ಕ್ವಿಂಕೆ ಸೂಜಿ ಅಂತಲೇ ಹೆಸರು.

ಅದೇ ಊರಿನ ಶಸ್ತ್ರಚಿಕಿತ್ಸಕ ಆಗಸ್ಟ್ ಬೀಯರ್ ಯೋಚಿಸಿದ: ನೀರು ಹೊರಗೆ ತೆಗೆಯಬಹುದಾದರೆ, ಅದೇ ದಾರಿಯಲ್ಲಿ ಕೊಕೇನ್ ಒಳಗೆ ಬಿಡಬಹುದಲ್ಲ? 1898ರ ಆಗಸ್ಟ್ 16ರಂದು ಕಾಲಿನ ಗಿಣ್ಣಿಗೆ ಕ್ಷಯ ತಗುಲಿದ್ದ ಒಬ್ಬ ಕೂಲಿಕಾರನ ಮೇಲೆ ಮೊದಲ ಪ್ರಯೋಗ ನಡೆಯಿತು. ಆಪರೇಷನ್ ನೋವಿಲ್ಲದೆ ಮುಗಿಯಿತು. ಆದರೆ ಹೀಗೆ ಮಾಡಿಸಿಕೊಂಡ ರೋಗಿಗಳಲ್ಲಿ ಕೆಲವರಿಗೆ ವಾಂತಿ, ವಿಪರೀತ ತಲೆನೋವು. ಕಾರಣ ಏನು? ತಿಳಿಯಲು ಬೀಯರ್ ತನ್ನ ಮೈಯನ್ನೇ ಒಡ್ಡಿದ.

ಆಗಸ್ಟ್ 24ರ ಸಂಜೆ. ಸಹಾಯಕ ಹಿಲ್ಡೆಬ್ರಾಂಟ್ ಬೀಯರನ ಬೆನ್ನಿಗೆ ಸೂಜಿ ಇಳಿಸಿದ. ಸರಿಯಾದ ಜಾಗಕ್ಕೇ ಹೋಯಿತು. ಸಿರಿಂಜ್ ಜೋಡಿಸಲು ಹೋದರೆ, ಅದು ಸೂಜಿಗೆ ಕೂರಲೇ ಇಲ್ಲ! ಅಳತೆಯೇ ಬೇರೆ. ಇವನು ಒದ್ದಾಡುತ್ತಿರುವಷ್ಟರಲ್ಲಿ ಬೆನ್ನಿನ ನೀರು ಧಾರಾಳವಾಗಿ ಹೊರಗೆ ಹರಿಯಿತು, ಕೊಕೇನೂ ಚೆಲ್ಲಿಹೋಯಿತು. ಪ್ರಯೋಗ ಅಲ್ಲಿಗೇ ನಿಂತಿತು.

ಆಗ ಹಿಲ್ಡೆಬ್ರಾಂಟ್ "ನನಗೆ ಮಾಡಿ" ಅಂತ ಮುಂದೆ ಬಂದ. ಈ ಸಲ ಎಲ್ಲ ಸರಿಯಾಯಿತು. ಕಾಲು ಮರಗಟ್ಟಿದ ಮೇಲೆ ಬೀಯರ್ ಅವನನ್ನು ಪರೀಕ್ಷಿಸಿದ ರೀತಿ ಓದಿದರೆ ಮೈ ಜುಮ್ಮೆನ್ನುತ್ತೆ. ತೊಡೆಯ ಮೂಳೆ ಮುಟ್ಟುವ ತನಕ ಸೂಜಿ ಚುಚ್ಚಿದ, ಉರಿಯುವ ಸಿಗಾರ್ ಚರ್ಮಕ್ಕೆ ಇಟ್ಟ, ಕಬ್ಬಿಣದ ಸುತ್ತಿಗೆಯಿಂದ ಮೊಣಕಾಲ ಕೆಳಗಿನ ಮೂಳೆಗೆ ಹೊಡೆದ. ಹಿಲ್ಡೆಬ್ರಾಂಟ್‌ಗೆ ನೋವೇ ಇಲ್ಲ. ಸುಮಾರು ಮುಕ್ಕಾಲು ಗಂಟೆಯಾದ ಮೇಲೆ ಸ್ಪರ್ಶ ಮರಳಿ ಬಂತು. ಇಬ್ಬರೂ ಊಟ ಮಾಡಿ, ವೈನ್ ಕುಡಿದು, ಸಿಗಾರ್ ಸೇದಿ ಖುಷಿಪಟ್ಟರು.

ಖುಷಿ ಹೆಚ್ಚು ಹೊತ್ತು ಇರಲಿಲ್ಲ. ಬೀಯರ್ ಒಂಬತ್ತು ದಿನ ಹಾಸಿಗೆ ಹಿಡಿದ. ಎದ್ದು ಕೂತರೆ ತಲೆ ಸಿಡಿಯುವ ನೋವು, ಮಲಗಿದರೆ ಮಾಯ. ಹಿಲ್ಡೆಬ್ರಾಂಟ್‌ಗೂ ವಾಂತಿ, ತಲೆನೋವು, ಜೊತೆಗೆ ಸುತ್ತಿಗೆ ಏಟಿನ ಬಾವು. ಬೀಯರ್‌ಗೆ ಒಂದು ವಿಷಯ ಹೊಳೆಯಿತು. ತನ್ನ ಮೈಗೆ ಕೊಕೇನ್ ಸೇರಿರಲೇ ಇಲ್ಲ ಎನ್ನಬಹುದು, ಆದರೂ ತಲೆನೋವು ಬಂತು. ಹಾಗಾದರೆ ಅಪರಾಧಿ ಔಷಧಿಯಲ್ಲ, ಹರಿದುಹೋದ ನೀರು.

ನನ್ನ ಪ್ರಕಾರ ಈ ಇಡೀ ಚರಿತ್ರೆಯ ಎರಡು ದೊಡ್ಡ ಪ್ರಶ್ನೆಗಳೂ ಆ ಒಂದೇ ಸಂಜೆ ಎದುರಾದವು. ಒಂದು, ಸೂಜಿ ಮಾಡುವ ತೂತಿನಿಂದ ನೀರು ಸೋರದಂತೆ ನೋಡಿಕೊಳ್ಳುವುದು ಹೇಗೆ? ಎರಡು, ಯಾವ ಸೂಜಿಗೆ ಯಾವ ಸಿರಿಂಜ್ ಕೂರಬೇಕು?

ತೂತಿನ ಲೆಕ್ಕ

ಮೊದಲನೆಯದಕ್ಕೆ ಬರೋಣ. ಮಿದುಳು ಮತ್ತು ಬೆನ್ನುಹುರಿಯನ್ನು ಡ್ಯೂರಾ ಅನ್ನುವ ಗಟ್ಟಿ ಪೊರೆಯ ಚೀಲ ಸುತ್ತಿರುತ್ತೆ. ಒಳಗೆ ನೀರು. ದೊಡ್ಡವರಲ್ಲಿ ಸುಮಾರು 150 ಮಿಲಿ, ಅಂದ್ರೆ ಒಂದು ದೊಡ್ಡ ಕಾಫಿ ಲೋಟದಷ್ಟು. ಮಿದುಳು ಈ ನೀರಲ್ಲಿ ತೇಲುತ್ತಿರುತ್ತೆ. ಚೀಲಕ್ಕೆ ಕೆಳಗೆ ಸೊಂಟದ ಹತ್ತಿರ ತೂತು ಬಿದ್ದು ನೀರು ಸೋರಿದರೆ, ಎದ್ದು ನಿಂತಾಗ ಮಿದುಳಿಗೆ ಆಸರೆ ಸಾಲದೆ ಅದು ಸ್ವಲ್ಪ ಕೆಳಗೆ ಜಗ್ಗುತ್ತೆ. ನೋವು ಬರೋದು ಹಾಗೆ. ಹೆತ್ತ ತಾಯಿಗೆ ಇದು ಬಂದರೆ ಏನು ಅಂತ ಯೋಚಿಸಿ: ಮಗುವಿಗೆ ಹಾಲು ಕುಡಿಸಲು ಎದ್ದು ಕೂರಲೂ ಆಗಲ್ಲ.

ತೂತು ಚಿಕ್ಕದಾದರೆ ಸೋರಿಕೆ ಕಡಿಮೆ. ಸೂಜಿಯ ದಪ್ಪವನ್ನು ಗೇಜ್‌ನಲ್ಲಿ ಹೇಳ್ತಾರೆ. ತಂತಿ ಎಳೆಯುವವರ ಹಳೆಯ ಅಳತೆ ಅದು, ಹಾಗಾಗಿ ತಿರುವುಮುರುವು: ಅಂಕಿ ಹೆಚ್ಚಾದಷ್ಟೂ ಸೂಜಿ ಸಣ್ಣ. 16 ಗೇಜ್ ಅಂದರೆ ಒಂದೂವರೆ ಮಿಲಿಮೀಟರಿಗೂ ಹೆಚ್ಚು, ನಮ್ಮ ಗೋಣಿ ದಬ್ಬಣದ ತಮ್ಮ. 25 ಗೇಜ್ ಅಂದರೆ ಅರ್ಧ ಮಿಲಿಮೀಟರ್. ಅಮೆರಿಕದ ವ್ಯಾಂಡಮ್ ಮತ್ತು ಡ್ರಿಪ್ಸ್ 10,098 ಬೆನ್ನಿನ ಅರಿವಳಿಕೆಗಳನ್ನು ಹಿಂಬಾಲಿಸಿ 1956ರಲ್ಲಿ ಪ್ರಕಟಿಸಿದ ವರದಿಯಲ್ಲಿ ಒಟ್ಟಾರೆ 11% ಜನರಿಗೆ ತಲೆನೋವು ಬಂದಿತ್ತು. ದಪ್ಪ ಸೂಜಿಗೆ ಹೆಚ್ಚು, ಸಣ್ಣ ಸೂಜಿಗೆ ಕಡಿಮೆ.

ಆದರೆ ಸಣ್ಣದು ಮಾಡುತ್ತಾ ಹೋಗಲು ಒಂದು ಮಿತಿ ಇದೆ. ತೀರಾ ಸಣ್ಣ ಸೂಜಿ ಬಗ್ಗುತ್ತೆ, ದಾರಿ ತಪ್ಪುತ್ತೆ, ನೀರು ಬರೋದು ನಿಧಾನವಾಗಿ ಸರಿಯಾದ ಜಾಗ ಮುಟ್ಟಿದ್ದೇ ಗೊತ್ತಾಗಲ್ಲ. ಹಾಗಾಗಿ ಕೆಲವರು ದಪ್ಪ ಬಿಟ್ಟು ತುದಿಯ ಆಕಾರದ ಕಡೆ ನೋಡಿದರು. 1926ರಲ್ಲಿ ಎಚ್. ಎಂ. ಗ್ರೀನ್ ಎಂಬ ಅಮೆರಿಕದ ವೈದ್ಯ, ಹರಿತ ಅಂಚಿನ ಬದಲು ದುಂಡಗಿನ ತುದಿ ಇದ್ದರೆ ಪೊರೆ ಕತ್ತರಿಸಿಹೋಗಲ್ಲ, ಎಳೆಗಳು ಪಕ್ಕಕ್ಕೆ ಸರಿದು ಮತ್ತೆ ಕೂಡಿಕೊಳ್ಳುತ್ತವೆ ಅಂತ ವಾದಿಸಿದ. 1951ರಲ್ಲಿ ಹಾರ್ಟ್ ಮತ್ತು ವಿಟಾಕರ್ ಆ ವಿಚಾರವನ್ನು ಮುಂದಕ್ಕೆ ಒಯ್ದರು. ಅವರ ಸೂಜಿಯ ತುದಿ ಚೂಪು ಮಾಡಿದ ಪೆನ್ಸಿಲ್ ಹಾಗೆ, ತುದಿಯಲ್ಲಿ ತೂತೇ ಇಲ್ಲ. ತೂತು ಇರೋದು ಸ್ವಲ್ಪ ಹಿಂದೆ, ಪಕ್ಕದಲ್ಲಿ. 1987ರಲ್ಲಿ ಜರ್ಮನಿಯ ವ್ಯೂರ್ಟ್ಸ್‌ಬುರ್ಗಿನ ಗ್ಯುಂಟರ್ ಸ್ಪ್ರೊಟ್ಟೆ ಅದೇ ಜಾತಿಯ ಇನ್ನೊಂದು ಸೂಜಿ ತಂದ. ಅದರ ಪಕ್ಕದ ತೂತು ಉದ್ದ. ಮೊದಮೊದಲು ಅದು ಎಷ್ಟು ಉದ್ದ ಇತ್ತೆಂದರೆ ಅರ್ಧ ಪೊರೆಯ ಒಳಗೆ, ಅರ್ಧ ಹೊರಗೆ ಉಳಿದು ಔಷಧಿ ಪೂರ್ತಿ ಒಳಗೆ ಸೇರದೇ ಹೋಗುವ ಸಾಧ್ಯತೆ ಇತ್ತು. ಆಮೇಲೆ ಗಿಡ್ಡ ಮಾಡಿದರು.

ಇಲ್ಲೊಂದು ಸ್ವಾರಸ್ಯ. ಗ್ರೀನ್ ಹೇಳಿದ "ಎಳೆಗಳು ಸರಿದು ಕೂಡಿಕೊಳ್ಳುತ್ತವೆ" ಅನ್ನೋದು ಬಹಳ ವರ್ಷ ಪಾಠದ ಹಾಗೆ ನಡೆಯಿತು. 2000ರಲ್ಲಿ ಸ್ಪೇನಿನ ರೇಯ್ನಾ ಮತ್ತು ಸಂಗಡಿಗರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಂಡದ್ದು ಬೇರೆ. ಹರಿತ ಸೂಜಿಯ ತೂತು ಅಂದವಾಗಿತ್ತು, ಬಾಗಿಲಿನ ಹಾಗೆ. ಪೆನ್ಸಿಲ್ ತುದಿಯ ತೂತೇ ಒರಟು, ಅಂಚು ಹರಿದು ಚಿಂದಿ. ಬಹುಶಃ ಆ ಚಿಂದಿ ಅಂಚಿನಲ್ಲೇ ಉರಿಯೂತ ಹೆಚ್ಚಾಗಿ ತೂತು ಬೇಗ ಮುಚ್ಚುತ್ತದೆ ಅನ್ನೋದು ಅವರ ಊಹೆ. ಅಂದ್ರೆ ಸೂಜಿ ಸರಿಯೇ, ಅದಕ್ಕೆ ಕೊಟ್ಟ ವಿವರಣೆ ಅಷ್ಟು ಸರಿಯಲ್ಲ.

ಹಲ್ಲಿನ ಡಾಕ್ಟರ ಬಾಗಿದ ತುದಿ

ಎಪಿಡ್ಯೂರಲ್ ಅನ್ನುವ ಮಾತನ್ನು ಹೆರಿಗೆ ನೋವಿನ ಸಂದರ್ಭದಲ್ಲಿ ಕೇಳಿರ್ತೀರಿ. ಇಲ್ಲಿ ಔಷಧಿ ಹೋಗಬೇಕಾದ್ದು ಪೊರೆಯ ಹೊರಗೆ, ಪೊರೆ ತೂತಾಗಲೇಬಾರದು. ಗಂಟೆಗಟ್ಟಲೆ ಔಷಧಿ ಕೊಡಲು ಸೂಜಿಯ ಮೂಲಕ ಒಂದು ಸಣ್ಣ ನಳಿಕೆಯನ್ನೂ ತೂರಿಸಬೇಕು.

ಇದಕ್ಕೆ ಬಂದ ಪರಿಹಾರ ಎಲ್ಲಿಂದಲೋ ಬಂತು. ಸಿಯಾಟಲ್‌ನ ದಂತವೈದ್ಯ ರಾಲ್ಫ್ ಹ್ಯೂಬರ್, ಸೂಜಿಯ ತುದಿಯನ್ನು ಸ್ವಲ್ಪ ಬಾಗಿಸಿದರೆ ಚುಚ್ಚುವಾಗ ಅದು ಬಾಳೆದಿಂಡು ಕೊರೆದ ಹಾಗೆ ಮಾಂಸದ ಚೂರನ್ನು ಕೊರೆದು ಒಳಗೆ ತುಂಬಿಕೊಳ್ಳಲ್ಲ ಅಂತ ಕಂಡುಕೊಂಡಿದ್ದ. ಆ ತುದಿಯನ್ನು ಮೇಯೋ ಕ್ಲಿನಿಕ್‌ನ ಎಡ್ವರ್ಡ್ ಟೂಹಿ 1940ರ ದಶಕದ ಮಧ್ಯದಲ್ಲಿ ಬೆನ್ನಿಗೆ ಬಳಸಿದ. ಬಾಗಿದ ತುದಿಯಿಂದ ನಳಿಕೆ ಬೇಕಾದ ದಿಕ್ಕಿಗೆ ಹೊರಳುತ್ತಿತ್ತು. 1947ರಲ್ಲಿ ಹವಾನಾದ ಮಾನುಯೆಲ್ ಮಾರ್ಟಿನೆಜ್ ಕುರ್ಬೆಲೋ ಅದೇ ಸೂಜಿಯಿಂದ ನಳಿಕೆಯನ್ನು ಎಪಿಡ್ಯೂರಲ್ ಜಾಗದಲ್ಲಿ ಇರಿಸಿದ. ಇವತ್ತು ಹೆರಿಗೆ ವಾರ್ಡಿನಲ್ಲಿ ಬಳಸುವ ಟೂಹಿ ಸೂಜಿಯ ಹಿಂದೆ ಒಬ್ಬ ಹಲ್ಲಿನ ಡಾಕ್ಟರ ತಲೆ ಇದೆ, ಅವನ ಹೆಸರು ಮಾತ್ರ ಜನರ ಬಾಯಲ್ಲಿ ಕಡಿಮೆ.

ಮೊಂಡು ಒಳ್ಳೆಯದೋ, ಚೂಪು ಒಳ್ಳೆಯದೋ

ಕೈಗೋ ಕಾಲಿಗೋ ಆಪರೇಷನ್ ಆಗುವಾಗ ಆ ಭಾಗದ ನರದ ಪಕ್ಕಕ್ಕೆ ಮಾತ್ರ ಔಷಧಿ ಬಿಡ್ತಾರೆ. ಅಲ್ಲಿ ಭಯ ಬೇರೆ: ಸೂಜಿ ನರವನ್ನೇ ಚುಚ್ಚಿದರೆ? 1977ರಲ್ಲಿ ಸ್ವೀಡನ್ನಿನ ಸೆಲ್ಯಾಂಡರ್ ಮತ್ತು ಜೊತೆಗಾರರು ಮೊಲದ ನರಗಳ ಮೇಲೆ ಪ್ರಯೋಗಿಸಿ, 14 ಡಿಗ್ರಿಯ ಉದ್ದ ಓರೆ ತುದಿಗಿಂತ 45 ಡಿಗ್ರಿಯ ಗಿಡ್ಡ ಓರೆ ತುದಿ ಕಡಿಮೆ ಗಾಯ ಮಾಡುತ್ತೆ ಅಂದರು. ಮೊಂಡು ತುದಿಗೆ ನರ ಜಾರಿ ಪಕ್ಕಕ್ಕೆ ಸರಿಯುತ್ತೆ. ಎಲ್ಲರೂ ಮೊಂಡು ತುದಿಯ ಕಡೆ ತಿರುಗಿದರು. 1992ರಲ್ಲಿ ರೈಸ್ ಮತ್ತು ಮ್ಯಾಕ್‌ಮಹೋನ್ ಇಲಿಗಳ ಮೇಲೆ ಇನ್ನೊಂದು ಪ್ರಶ್ನೆ ಕೇಳಿದರು: ಮೊಂಡು ಸೂಜಿ ನಿಜಕ್ಕೂ ನರದೊಳಗೆ ಹೋದರೆ? ಆಗ ಗಾಯ ಹೆಚ್ಚು, ವಾಸಿಯಾಗೋದೂ ನಿಧಾನ. ಅಂದ್ರೆ ಒಂದು ತುದಿ ಅಪಾಯ ಆಗುವ ಸಾಧ್ಯತೆ ಕಡಿಮೆ ಮಾಡುತ್ತೆ, ಇನ್ನೊಂದು ಅಪಾಯ ಆದರೆ ಅದರ ತೀವ್ರತೆ ಕಡಿಮೆ ಮಾಡುತ್ತೆ. ಎರಡೂ ಒಟ್ಟಿಗೆ ಸಿಗಲ್ಲ.

ಇದಕ್ಕಿಂತ ಕಹಿಯಾದ ಪಾಠ ಅಮೆರಿಕದಲ್ಲಿ ಆಯಿತು. ಸೋರಿಕೆ ಕಡಿಮೆ ಆಗಲಿ ಅಂತ ಕೂದಲಿನಷ್ಟು ಸಣ್ಣ ನಳಿಕೆಗಳನ್ನು ಪೊರೆಯ ಒಳಗೆ ಬಿಟ್ಟು ಬೆನ್ನಿನ ಅರಿವಳಿಕೆ ಕೊಡುವ ಪದ್ಧತಿ ಬಂತು. ನಳಿಕೆ ತೀರಾ ಸಣ್ಣದಾದ್ದರಿಂದ ಔಷಧಿ ಚಿಮ್ಮಿ ನೀರಿನಲ್ಲಿ ಬೆರೆಯುತ್ತಿರಲಿಲ್ಲ, ಮೆಲ್ಲಗೆ ಒಸರಿ ಕೆಳಗಿನ ನರಗಳ ಸುತ್ತ ಮಡುಗಟ್ಟುತ್ತಿತ್ತು. ಗಟ್ಟಿ ಪ್ರಮಾಣದ ಲಿಡೊಕೇನ್ ಹಾಗೆ ಒಂದೇ ಕಡೆ ನಿಂತು, ಕೆಲವರಿಗೆ ಕಾಲಿನ ಮತ್ತು ಮಲಮೂತ್ರದ ಹಿಡಿತದ ನರಗಳಿಗೆ ಹಾನಿಯಾಯಿತು. 1991ರಲ್ಲಿ ಇಂಥ ನಾಲ್ಕು ಪ್ರಕರಣಗಳ ವರದಿ ಬಂತು, 1992ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಇಲಾಖೆ ಆ ನಳಿಕೆಗಳನ್ನು ಮಾರುಕಟ್ಟೆಯಿಂದ ತೆಗೆಸಿತು. ಒಂದು ತೊಂದರೆ ತಪ್ಪಿಸಲು ಹೋಗಿ ಇನ್ನೂ ದೊಡ್ಡದನ್ನ ಕರೆದಂತಾಯಿತು. ಸಣ್ಣದಾದಷ್ಟೂ ಸುರಕ್ಷಿತ ಅನ್ನೋ ಲೆಕ್ಕ ಒಂದು ಹಂತದ ತನಕ ಮಾತ್ರ.

ಎಲ್ಲಕ್ಕೂ ಎಲ್ಲವೂ ಕೂತರೆ

ಈಗ ಎರಡನೇ ಪ್ರಶ್ನೆ, ಬೀಯರನ ಕೂರದ ಸಿರಿಂಜ್. ಅದಕ್ಕೆ ಉತ್ತರ ಆ ಹೊತ್ತಿಗೇ ಪ್ಯಾರಿಸ್ಸಿನಲ್ಲಿ ತಯಾರಾಗುತ್ತಿತ್ತು. 1890ರ ದಶಕದಲ್ಲಿ ಲ್ಯೂಯೆರ್ ಎಂಬ ಉಪಕರಣ ತಯಾರಕರ ಮನೆತನ ಪೂರ್ತಿ ಗಾಜಿನ ಸಿರಿಂಜ್ ತಂದಿತು. ಅದರ ಮೂತಿ 6% ಇಳಿಜಾರಿನ ಶಂಕುವಿನ ಹಾಗೆ. ಸೂಜಿಯ ಬುಡವನ್ನು ಅದರ ಮೇಲೆ ಒತ್ತಿದರೆ ಬಿಗಿಯಾಗಿ ಕೂರುತ್ತಿತ್ತು. ಅಮೆರಿಕದ ಬೆಕ್ಟನ್ ಡಿಕಿನ್ಸನ್ ಕಂಪನಿ ಹಕ್ಕು ಕೊಂಡಿತು, 1925ರಲ್ಲಿ ತಿರುಗಿಸಿ ಲಾಕ್ ಮಾಡುವ ಏರ್ಪಾಡೂ ಬಂತು. ನಿಧಾನಕ್ಕೆ ಇಡೀ ಜಗತ್ತು ಈ ಒಂದೇ ಅಳತೆಗೆ ಒಗ್ಗಿತು. ಯಾವ ಸೂಜಿಗೂ ಯಾವ ಸಿರಿಂಜೂ ಕೂರುತ್ತೆ! ಬೀಯರನ ಕಷ್ಟ ಮುಗಿಯಿತು.

ಮುಗಿಯಿತಾ? ಎಲ್ಲಕ್ಕೂ ಎಲ್ಲವೂ ಕೂರುತ್ತೆ ಅಂದರೆ, ಕೂರಬಾರದ್ದೂ ಕೂರುತ್ತೆ. ಬೆನ್ನಿಗೆ ಹೋಗಬೇಕಾದ ಔಷಧಿಯ ನಳಿಕೆಯನ್ನು ಕೈಯ ರಕ್ತನಾಳದ ನಳಿಕೆಗೆ ಜೋಡಿಸಿದರೂ ತಡೆ ಇಲ್ಲ. ಬ್ಯುಪಿವಕೇನ್ ಎಂಬ ಅರಿವಳಿಕೆ ಔಷಧಿ ಬೆನ್ನಿನಲ್ಲಿ ವರ, ರಕ್ತನಾಳಕ್ಕೆ ಹೋದರೆ ಹೃದಯವನ್ನೇ ನಿಲ್ಲಿಸಬಲ್ಲದು. ಈ ಬಗ್ಗೆ 1979ರಲ್ಲೇ ಜಾರ್ಜ್ ಆಲ್‌ಬ್ರೈಟ್ ಎಂಬ ಅರಿವಳಿಕೆ ತಜ್ಞ ಎಚ್ಚರಿಕೆ ಬರೆದಿದ್ದ. 2004ರಲ್ಲಿ ಇಂಗ್ಲೆಂಡಿನಲ್ಲಿ, ಆಗತಾನೆ ಮಗು ಹೆತ್ತಿದ್ದ ಒಬ್ಬ ತಾಯಿಗೆ ಇದೇ ಔಷಧಿ ತಪ್ಪಾಗಿ ಕೈಯ ರಕ್ತನಾಳಕ್ಕೆ ಹೋಯಿತು. ಆಕೆ ಉಳಿಯಲಿಲ್ಲ. ಸ್ವತಃ ನರ್ಸ್ ಆಗಿದ್ದವಳು. ಅತ್ತ ಕಡೆ, ರಕ್ತನಾಳಕ್ಕೆ ಕೊಡಬೇಕಾದ ವಿನ್‌ಕ್ರಿಸ್ಟಿನ್ ಎಂಬ ಕ್ಯಾನ್ಸರ್ ಔಷಧಿ ಬೆನ್ನಿಗೆ ಹೋಗಿ ಸತ್ತವರೂ ಇದ್ದಾರೆ. 2001ರಲ್ಲಿ ಇಂಗ್ಲೆಂಡಿನಲ್ಲೇ ಒಬ್ಬ ಹದಿಹರೆಯದ ಹುಡುಗ ಹಾಗೆ ತೀರಿಕೊಂಡ.

ನಾವು ತಕ್ಷಣ ಕೇಳೋದು "ಯಾರ ತಪ್ಪು?" ಅಂತ. ಎಂಜಿನಿಯರ್ ಕೇಳಬೇಕಾದ್ದು ಬೇರೆ: ದಣಿದ ಕೈ ತಪ್ಪು ಮಾಡಲು ಹೊರಟಾಗ ಉಪಕರಣ ಯಾಕೆ "ಆಗಲ್ಲ" ಅನ್ನಲಿಲ್ಲ? ಆ ಪ್ರಶ್ನೆಯ ಫಲವಾಗಿ 2016ರಲ್ಲಿ ಬೆನ್ನಿನ ಸೂಜಿ ಮತ್ತು ನರದ ಸೂಜಿಗಳಿಗೇ ಪ್ರತ್ಯೇಕವಾದ ಅಂತರರಾಷ್ಟ್ರೀಯ ಅಳತೆ ಬಂತು. ಮಾರುಕಟ್ಟೆಯಲ್ಲಿ ಅದರ ಹೆಸರು ಎನ್‌ಆರ್‌ಫಿಟ್. ಅದರ ಮೂತಿ ಹಳೆಯದಕ್ಕಿಂತ ಚಿಕ್ಕದು, ಸಾಮಾನ್ಯ ಸಿರಿಂಜ್ ಅದಕ್ಕೆ ಕೂರೋದಿಲ್ಲ. 1898ರಲ್ಲಿ ಸಿರಿಂಜ್ ಕೂರದೆ ಬೀಯರ್ ಒಂಬತ್ತು ದಿನ ಮಲಗಿದ. ಇವತ್ತು ಸಿರಿಂಜ್ ಕೂರದೇ ಇರಲಿ ಅಂತಲೇ ದುಡ್ಡು ಖರ್ಚು ಮಾಡಿ ವಿನ್ಯಾಸ ಮಾಡ್ತಾರೆ. ಒಂದೇ ಅಡಚಣೆ, ಒಮ್ಮೆ ದೋಷ, ಇನ್ನೊಮ್ಮೆ ರಕ್ಷಣೆ.

ಗೊತ್ತಿದ್ದೂ ತಡ

2018ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ದೊಡ್ಡ ಲೆಕ್ಕಾಚಾರ ಬಂತು. ಬೆನ್ನಿಗೆ ಸೂಜಿ ಹಾಕಿದ 110 ಅಧ್ಯಯನಗಳನ್ನು, 31,000ಕ್ಕೂ ಹೆಚ್ಚು ಜನರನ್ನು ಒಟ್ಟುಗೂಡಿಸಿ ನೋಡಿದರು. ಹರಿತ ತುದಿಯ ಸೂಜಿಯಲ್ಲಿ ತಲೆನೋವು ಬಂದದ್ದು 11% ಜನಕ್ಕೆ, ಪೆನ್ಸಿಲ್ ಜಾತಿಯ ತುದಿಯಲ್ಲಿ 4.2% ಜನಕ್ಕೆ. ಮೊದಲ ಸಲಕ್ಕೇ ಸರಿಯಾಗಿ ಕೂರುವ ವಿಷಯದಲ್ಲಿ ಎರಡಕ್ಕೂ ವ್ಯತ್ಯಾಸ ಇಲ್ಲ. ಹಾರ್ಟ್ ಮತ್ತು ವಿಟಾಕರ್ 1951ರಲ್ಲಿ ಹೇಳಿದ್ದು ಸರಿ ಅಂತ ಇಷ್ಟು ಗಟ್ಟಿಯಾಗಿ ಸಾಬೀತಾಗಲು 67 ವರ್ಷ.

ಯಾಕಿಷ್ಟು ತಡ? ಪೆನ್ಸಿಲ್ ತುದಿಯ ಸೂಜಿ ದುಬಾರಿ. ಚುಚ್ಚುವಾಗ ಕೈಗೆ ಸಿಗುವ ಅನುಭವವೇ ಬೇರೆ, ಹೊಸದಾಗಿ ಕಲಿಯಬೇಕು. ಹರಿತ ಸೂಜಿಯೇ ಕೈಗೆ ಒಗ್ಗಿದವರಿಗೆ ಬದಲಾಯಿಸಲು ಕಾರಣ ಕಾಣಲ್ಲ. ತಲೆನೋವು ಶುರುವಾಗೋದು ಬಹುಪಾಲು ಒಂದೆರಡು ದಿನದ ನಂತರ, ಅಷ್ಟರಲ್ಲಿ ಸೂಜಿ ಹಾಕಿದವರು ಬೇರೆ ರೋಗಿಯ ಹತ್ತಿರ ಇರ್ತಾರೆ. ನೋವು ಅನುಭವಿಸುವವರು ಒಬ್ಬರು, ಸೂಜಿ ಆರಿಸುವವರು ಇನ್ನೊಬ್ಬರು, ಅದನ್ನು ಖರೀದಿ ಮಾಡುವವರು ಮತ್ತೊಬ್ಬರು. ಈ ಮೂವರೂ ಒಂದು ಕಡೆ ಕೂತು ಮಾತಾಡುವ ಸಂದರ್ಭವೇ ಬರಲ್ಲ.

ಹಾಗಾಗಿ ನನ್ನ ಕೋರಿಕೆ ಚಿಕ್ಕದು. ಮನೆಯಲ್ಲಿ ಯಾರಿಗಾದರೂ ಇಂಥ ಆಪರೇಷನ್ ಇದ್ದರೆ, ಅದಕ್ಕೆ ಮೊದಲು ಅರಿವಳಿಕೆ ಡಾಕ್ಟರು ಬಂದು ಮಾತಾಡಿಸುವಾಗ "ಯಾವ ತುದಿಯ ಸೂಜಿ, ಎಷ್ಟು ಗೇಜ್?" ಅಂತ ಮರ್ಯಾದೆಯಿಂದ ಕೇಳಿ. ಇಂಥ ಸೂಜಿಯೇ ಆಗಬೇಕು ಅಂತ ಹಟ ಬೇಡ, ರೋಗಿಯನ್ನು ನೋಡಿ ತೀರ್ಮಾನಿಸುವವರು ಅವರೇ. ಕೇಳಿದ್ದಕ್ಕೆ ಉತ್ತರ ಸಿಗುತ್ತೆ, ಅಷ್ಟು ಸಾಕು. ಆಮೇಲೆ, ಎದ್ದರೆ ಹೆಚ್ಚಾಗಿ ಮಲಗಿದರೆ ಇಳಿಯುವ ತಲೆನೋವು ಬಂದರೆ "ಬಾಣಂತಿಗೆ ಇದೆಲ್ಲ ಇದ್ದಿದ್ದೇ" ಅಂತ ಸುಮ್ಮನಿರಬೇಡಿ, ಅದೇ ದಿನ ಡಾಕ್ಟರಿಗೆ ಹೇಳಿ. ಅದಕ್ಕೆ ಚಿಕಿತ್ಸೆ ಇದೆ. ರೋಗಿಯದೇ ಸ್ವಲ್ಪ ರಕ್ತ ತೆಗೆದು ಬೆನ್ನಿನಲ್ಲಿ ತೂತಿನ ಹತ್ತಿರ ಬಿಡ್ತಾರೆ, ಅದು ಹೆಪ್ಪುಗಟ್ಟಿ ತೇಪೆ ಹಾಕಿದ ಹಾಗೆ ಮುಚ್ಚುತ್ತೆ. ಸೂಜಿ ಚುಚ್ಚುವಾಗ ರಕ್ತ ಬಂದವರಿಗೆ ತಲೆನೋವು ಕಡಿಮೆ ಅಂತ ಗಮನಿಸಿ ಜೇಮ್ಸ್ ಗಾರ್ಮ್ಲಿ 1960ರಲ್ಲಿ ಹೇಳಿಕೊಟ್ಟ ಉಪಾಯ ಅದು.

ಊರಿಂದ ಬಂದ ಅಮ್ಮ "ಬೆನ್ನಿಗೆ ಸೂಜಿ ಬೇಡ" ಅಂದರೆ ನಗಬೇಡಿ. ಅವರ ಕಾಲದ ಸೂಜಿ ದಪ್ಪವಾಗಿತ್ತು, ತುದಿ ಹರಿತವಾಗಿತ್ತು, ನೋವು ಪಟ್ಟವರನ್ನು ಅವರು ಕಣ್ಣಾರೆ ನೋಡಿರಬಹುದು. ಸೂಜಿ ಬದಲಾಗಿದೆ ಅಂತ ಅವರಿಗೆ ಹೇಳಿದವರು ಯಾರೂ ಇಲ್ಲ, ಅಷ್ಟೇ. ನೀವು ಹೇಳಿ.